ಶವಪೆಟ್ಟಿಗೆ ಮಾಡಿದ ಹುಡುಗ

ಗೆಳೆಯಾ,

ನಿನ್ನ ಸ್ಕ್ರಿಪ್ಟ್ ಓದಿ ಮುಗಿಸಿದೆ. ಫೋನ್ ಮಾಡೋಣ ಅಂತಿದ್ದೆ, ಮಾಡಿದರೆ ಜಗಳವಾಗುತ್ತೆ ಅಂತ ಪತ್ರ ಬರೆಯುತ್ತಿದ್ದೇನೆ. ಹುಡುಗ ಬಡವ, ಒಳ್ಳೆಯವನು, ಎಲ್ಲಾ ಸರಿ. ಆದರೆ ಮೊದಲ 20 ಪುಟದಲ್ಲೇ ಅವನನ್ನ ನಾಲ್ಕು ಸಲ ಅಳಿಸಿದ್ದೀಯಲ್ಲೋ!

ಚಿತ್ರಕಥೆ ಬರೆಯೋ ಮಿಚಿಕೊ ಯಾಮಾಮೋಟೊ ಹೆಸರು ಕೇಳಿದ್ದೀಯಾ? ಹೆಸರಲ್ಲಿ ಜಪಾನ್ ಇದೆ, ಬರೆಯೋದೆಲ್ಲ ಫಿಲಿಪ್ಪೀನ್ಸಿನ ಕಥೆ. ಅವರ 'ಮಗ್ನಿಫಿಕೊ' 2003ರಲ್ಲಿ ಸಿನಿಮಾ ಆಯ್ತು, ನಿರ್ದೇಶಕ ಮಾರ್ಯೋ ಜೆ. ಡೆ ಲೊಸ್ ರೆಯೆಸ್. ಮರುವರ್ಷ ಬರ್ಲಿನ್ ಚಿತ್ರೋತ್ಸವದ ಮಕ್ಕಳ ವಿಭಾಗದಲ್ಲಿ ಕ್ರಿಸ್ಟಲ್ ಬೇರ್ ಪ್ರಶಸ್ತಿ ಬಂತು.

ಮಗ್ನಿಫಿಕೊ ಅನ್ನೋದು ಅದರ ಹುಡುಗನ ಹೆಸರು. ಅವನ ಮನೆಯಲ್ಲಿ ಕಾಸಿಲ್ಲ. ಅಜ್ಜಿಗೆ ಕ್ಯಾನ್ಸರ್. ಪುಟ್ಟ ತಂಗಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗಲ್ಲ. ಮನಿಲಾದಲ್ಲಿ ಓದುತ್ತಿದ್ದ ಅಣ್ಣ ಸ್ಕಾಲರ್‌ಶಿಪ್ ಕಳೆದುಕೊಂಡು ವಾಪಸ್ ಬಂದಿದ್ದಾನೆ. ಇಷ್ಟು ಸಾಮಾನು ನಿನ್ನ ಕೈಗೆ ಸಿಕ್ಕಿದ್ದರೆ ಕಣ್ಣೀರಿನ ಕೋಡಿ ಹರಿಸುತ್ತಿದ್ದೆ, ಅಲ್ವಾ? ಅಜ್ಜಿಯ ಅಂತ್ಯಕ್ರಿಯೆಗೆ ಎಷ್ಟು ಖರ್ಚಾಗುತ್ತೋ ಅನ್ನೋ ದೊಡ್ಡವರ ಚಿಂತೆ ಹುಡುಗನ ಕಿವಿಗೆ ಬೀಳುತ್ತೆ. ಅವನು ಹೋಗಿ ಹಲಗೆ ಹುಡುಕುತ್ತಾನೆ. ಗೆಳೆಯನ ಜೊತೆ ಸೇರಿ ಅಜ್ಜಿಗೆ ಶವಪೆಟ್ಟಿಗೆ ಮಾಡೋಕೆ ಶುರು ಮಾಡುತ್ತಾನೆ! ಅಜ್ಜಿ ಇನ್ನೂ ಬದುಕಿರುವಾಗಲೇ. ತಂಗಿಗೊಂದು ಗಾಲಿಕುರ್ಚಿ ಹೊಂದಿಸೋಕೂ ಓಡಾಡುತ್ತಾನೆ. ಅವನಿಗೆ ಅಳೋಕೆ ಪುರುಸೊತ್ತಿಲ್ಲ ಕಣೋ. ಅತ್ತಿದ್ದು ನಾನು. ಕೊನೆ ಹೇಳಲ್ಲ, ನೀನೇ ನೋಡು.

ಆಮೇಲೆ ಅವರೇ ಬರೆದು, 2005ರಲ್ಲಿ ಔರೇಯಸ್ ಸೊಲಿಟೊ ನಿರ್ದೇಶಿಸಿದ 'ಆಂಗ್ ಪಗ್‌ದದಲಗ ನಿ ಮಾಕ್ಸಿಮೊ ಒಲಿವೆರೊಸ್'. ಇದಕ್ಕೆ ಬರ್ಲಿನ್‌ನಲ್ಲಿ ಟೆಡ್ಡಿ ಪ್ರಶಸ್ತಿ, ಸಲಿಂಗಿ, ಲಿಂಗಪರಿವರ್ತಿತರ ಬದುಕಿನ ಸಿನಿಮಾಗಳಿಗೆ ಕೊಡೋದು. ಮನಿಲಾದ ಸ್ಲಮ್ಮಿನ 12 ವರ್ಷದ ಮಾಕ್ಸಿ ನಡಿಗೆ, ಮಾತು ಎಲ್ಲ ಹುಡುಗಿಯ ಹಾಗೆ. ತಾಯಿ ಇಲ್ಲ. ಅಪ್ಪ, ಅಣ್ಣಂದಿರು ಸಣ್ಣಪುಟ್ಟ ಕಳ್ಳರು. ಅವರಿಗೆಲ್ಲ ಅನ್ನ ಮಾಡಿ ಹಾಕೋದು ಮಾಕ್ಸಿ. ಇಂಥವನ ಮನಸ್ಸು ಹೋಗಿ ನಿಲ್ಲೋದು ಒಬ್ಬ ಪೊಲೀಸಿನವನ ಮೇಲೆ. ನಾವಾಗಿದ್ದರೆ ಆ ಅಪ್ಪನ ಕೈಗೆ ಬೆಲ್ಟ್ ಕೊಡುತ್ತಿದ್ದೆವು. ಈ ಮನೆಯಲ್ಲಿ ಮಾಕ್ಸಿ ಹೀಗಿರೋದು ಯಾರಿಗೂ ಒಂದು ವಿಷಯವೇ ಅಲ್ಲ, ಅವನನ್ನ ಮುದ್ದಾಗಿ ನೋಡಿಕೊಳ್ಳುತ್ತಾರೆ. ಕೊನೆಯಲ್ಲಿ ಮಾಕ್ಸಿ ಸ್ಕೂಲಿಗೆ ಹೊರಟಿದ್ದಾನೆ. ರಸ್ತೆ ಪಕ್ಕದಲ್ಲಿ ಆ ಪೊಲೀಸ್ ಕಾಯುತ್ತಾ ನಿಂತಿದ್ದಾನೆ. ಹುಡುಗ ಅವನನ್ನ ದಾಟಿ ಹೋಗುತ್ತಾನೆ. ಮುಂದೆ ಹೋಗಿ ಒಂದು ಗಳಿಗೆ ನಿಲ್ಲುತ್ತಾನೆ, ಮತ್ತೆ ನಡೆಯುತ್ತಾನೆ. ಒಂದು ಮಾತೂ ಇಲ್ಲ. ನಿನ್ನ ಹೀರೋ ಆಗಿದ್ದರೆ ಅಲ್ಲೇ ಎರಡು ಪುಟ ಡೈಲಾಗ್ ಹೊಡೆಯುತ್ತಿದ್ದ.

ಬರೀ ಮಕ್ಕಳ ಕಥೆ ಬರೆಯೋರು ಅಂದುಕೊಳ್ಳಬೇಡ. ನಿರ್ದೇಶಕ ಎರಿಕ್ ಮಟ್ಟಿ ಜೊತೆ ಬರೆದ 'ಆನ್ ದ ಜಾಬ್' 2013ರಲ್ಲಿ ಕಾನ್ ಚಿತ್ರೋತ್ಸವಕ್ಕೆ ಹೋಯ್ತು. ಅದರಲ್ಲಿ ಕೈದಿಗಳನ್ನ ಜೈಲಿನಿಂದ ಹೊರಗೆ ಬಿಟ್ಟು ಸುಪಾರಿ ಕೊಲೆ ಮಾಡಿಸುತ್ತಾರೆ, ಕೆಲಸ ಮುಗಿದ ಮೇಲೆ ಮತ್ತೆ ಒಳಗೆ. ಕೊಲೆ ಮಾಡಿದವನು ಜೈಲಲ್ಲೇ ಇದ್ದಾನಲ್ಲ, ಅವನ ಮೇಲೆ ಯಾರಿಗೆ ಅನುಮಾನ ಬರುತ್ತೆ? ಇದರ ಮುಂದಿನ ಭಾಗವೂ ಯಾಮಾಮೋಟೊ ಅವರದೇ ಬರವಣಿಗೆ. ಅದರ ನಟ ಜಾನ್ ಆರ್ಸಿಲ್ಯಾಗೆ 2021ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಸಿಕ್ಕಿತು.

ಈಗ ನಿನ್ನ ಹುಡುಗನ ವಿಷಯ. ಅವನ ಅಪ್ಪನದು ಸೈಕಲ್ ಶಾಪ್ ಅಂತ ಬರೆದಿದ್ದೀಯ. ಇಡೀ ಸ್ಕ್ರಿಪ್ಟಿನಲ್ಲಿ ಆ ಹುಡುಗ ಒಂದು ಪಂಕ್ಚರ್ ಹಾಕಿಲ್ಲ. ಟ್ಯೂಬನ್ನ ನೀರಲ್ಲಿ ಅದ್ದಿ ಗುಳ್ಳೆ ಎಲ್ಲಿಂದ ಬರುತ್ತೆ ಅಂತ ನೋಡೋದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದನ್ನ ಬರಿ.

ಬೈದೆ ಅಂತ ಮುನಿಸಿಕೊಳ್ಳಬೇಡ. ಭಾನುವಾರ ಮನೆಗೆ ಬಾ, ಮಾಕ್ಸಿಮೊ ನೋಡೋಣ. ಸಬ್‌ಟೈಟಲ್ ಓದಬೇಕು, ಕನ್ನಡಕ ಮರೆಯದೆ ತಾ.

ನಿನ್ನವ