ಅಮ್ಮ ಎರಡನೇ ಸಲ ಠಾಣೆಗೆ ಹೋದದ್ದು

ಪ್ರಿಯ ಗೆಳೆಯಾ,

ಮೊನ್ನೆ ರಾತ್ರಿ ನೀನು ಪುಣೆಯಿಂದ ಕಳಿಸಿದ ಸಂದೇಶವನ್ನು ಮೂರು ಸಲ ಓದಿದೆ. "ಅಂಥವರ ಕಾಲಿಗೆ ಗುಂಡು ಹೊಡೆಯಬೇಕು, ಆಗಲೇ ಬೆಂಗಳೂರು ಸರಿಹೋಗುವುದು" ಎಂದು ನಿನ್ನ ಅಮ್ಮನ ಸರ ಕಿತ್ತವರ ಬಗ್ಗೆ ಬರೆದಿದ್ದೆ. ತಾಯಿಯ ಕತ್ತಿನ ಮೇಲೆ ಕೆಂಪು ಗೆರೆ ಎದ್ದಿರುವ ಫೋಟೊ ನೋಡಿದ ಮಗ ಹಾಗಲ್ಲದೆ ಇನ್ನು ಹೇಗೆ ಬರೆದಾನು? ಆ ದಿನ ನನ್ನ ಬಾಯಲ್ಲಿ ಬಂದದ್ದೂ ಅದೇ ಮಾತು. ಆದರೆ ಆಮೇಲೆ ನಡೆದದ್ದನ್ನು ಅಮ್ಮ ನಿನಗೆ ಪೂರ್ತಿ ಹೇಳಿಲ್ಲ. "ಅವನು ಅಲ್ಲಿ ಒಬ್ಬನೇ ಕೂತು ಕೊರಗುತ್ತಾನೆ, ನೀನೇ ಬರೆ" ಎಂದು ನನಗೆ ಒಪ್ಪಿಸಿದ್ದಾರೆ. ಅವರನ್ನು ಕೇಳಿಯೇ ಇದನ್ನು ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ. ನಮ್ಮ ಬಡಾವಣೆಯಲ್ಲಿ ಅರ್ಧಕ್ಕರ್ಧ ಜನ ನಿನ್ನಂತೆಯೇ ಯೋಚಿಸುತ್ತಿದ್ದಾರೆ, ಅವರಿಗೂ ತಲುಪಲಿ.

ಅಂದು ಗುರುವಾರ. ಬೆಳಿಗ್ಗೆ ಇನ್ನೂ ಆರೂವರೆ ದಾಟಿರಲಿಲ್ಲ. ಅಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದರು. ಕಪ್ಪು ಬೈಕಿನಲ್ಲಿ ಇಬ್ಬರು ಬಂದರು. ಹಿಂದೆ ಕೂತಿದ್ದವನು ಇಳಿದು, ಕೈಯಲ್ಲೊಂದು ಚೀಟಿ ಹಿಡಿದು ವಿಳಾಸ ಕೇಳಿದ. "ಕನ್ನಡಕ ಒಳಗಿದೆಯಪ್ಪ" ಎನ್ನುತ್ತ ಅಮ್ಮ ತಲೆ ಎತ್ತುವಷ್ಟರಲ್ಲಿ ಸರಕ್ಕೆ ಕೈ ಹಾಕಿದ. ಅಜ್ಜಿಯ ಎರಡೆಳೆ ಸರ ಅದು. ನಿನ್ನ ಇಂಜಿನಿಯರಿಂಗ್ ಫೀಸಿಗೆಂದು ಎರಡು ಸಲ ಅಡವಿಟ್ಟು ಎರಡು ಸಲ ಬಿಡಿಸಿಕೊಂಡ ಸರ. ಅಮ್ಮ ಬಿಡಲಿಲ್ಲ. ಒಂದು ಎಳೆಯ ತುಂಡು ಅವರ ಮುಷ್ಟಿಯಲ್ಲೇ ಉಳಿಯಿತು, ಮಿಕ್ಕದ್ದು ಹೋಯಿತು. ನಾನು ಓಡಿ ಬಂದಾಗ ಅಳಿಸಿಹೋದ ರಂಗೋಲಿಯ ಮೇಲೆ ಕೂತಿದ್ದರು, ಮೊಣಕೈಯಲ್ಲಿ ರಕ್ತ. "ಹಾಲು ಒಲೆಯ ಮೇಲಿದೆ, ಮೊದಲು ಆರಿಸು" ಎಂದರು.

ಠಾಣೆಯಲ್ಲಿ ದೂರು ಬರೆದುಕೊಂಡರು, ಪ್ರತಿಯನ್ನೂ ಕೊಟ್ಟರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೀಗೆ ಕಿತ್ತುಕೊಂಡು ಓಡುವುದಕ್ಕೇ ಪ್ರತ್ಯೇಕ ಕಲಮು ಇದೆ, 304. ಮೂರು ವರ್ಷದವರೆಗೆ ಶಿಕ್ಷೆ. ಹಿಂದೆ ಇದನ್ನು ಬರೀ ಕಳವು ಎನ್ನಬೇಕೋ ಸುಲಿಗೆ ಎನ್ನಬೇಕೋ ಎಂಬ ಜಗ್ಗಾಟವೇ ಮೊದಲಾಗುತ್ತಿತ್ತು. ನಿನಗೆ ಉಪಯೋಗವಾದೀತೆಂದು ಇನ್ನೊಂದು ಮಾತು: ಈಗ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ಆನ್‌ಲೈನ್‌ನಲ್ಲಿ ಕೊಟ್ಟರೂ ಮೂರು ದಿನದೊಳಗೆ ಹೋಗಿ ಸಹಿ ಮಾಡಿದರೆ ಸಾಕು. ಅಮ್ಮನಂಥ ಒಂಟಿ ಹಿರಿಯರಿಗೆ ಇದು ಸಣ್ಣ ಅನುಕೂಲವಲ್ಲ.

ಭಾನುವಾರ ಸಂಜೆ ದೇವಸ್ಥಾನದ ಹಜಾರದಲ್ಲಿ ಸಭೆ ಸೇರಿತು. ಮೂರು ತಿಂಗಳಲ್ಲಿ ನಮ್ಮ ನಾಲ್ಕು ಅಡ್ಡರಸ್ತೆಗಳಲ್ಲಿ ಇದು ಮೂರನೆಯ ಘಟನೆ. ಹಾಗಾಗಿ ನಿಲ್ಲಲೂ ಜಾಗವಿರಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಮೂಲೆಮನೆಯ ಹಿರಿಯರು ಪಟ್ಟಿಯನ್ನೇ ತಂದಿದ್ದರು. ರಸ್ತೆಯ ಎರಡೂ ತುದಿಗೆ ಗೇಟು, ಪಿಜಿಗಳಲ್ಲಿರುವವರ ಆಧಾರ್ ಪ್ರತಿ ಠಾಣೆಗೆ, ತಳ್ಳುಗಾಡಿಯವರಿಗೆ ಗುರುತಿನ ಚೀಟಿ, ರಾತ್ರಿ ಹತ್ತರ ಮೇಲೆ ಯಾರೂ ರಸ್ತೆಯಲ್ಲಿ ನಿಲ್ಲಬಾರದು, ಹಳೆಯ ಕಳ್ಳರ ಮೇಲೆಲ್ಲ ಗೂಂಡಾ ಕಾಯ್ದೆ ಹಾಕಬೇಕು. ಒಂದೊಂದಕ್ಕೂ ಚಪ್ಪಾಳೆ ಬಿತ್ತು. ಆ ಕಾಯ್ದೆ 1985ರದು. ವಿಚಾರಣೆಯೇ ಇಲ್ಲದೆ ಒಬ್ಬನನ್ನು ಒಂದು ವರ್ಷದವರೆಗೆ ಒಳಗಿಡುವ ಅಧಿಕಾರ ಅದರಲ್ಲಿದೆ. ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಜನಕ್ಕೆ ಅದು ತಿಳಿದಿತ್ತೋ. ನನಗೆ ತಿಳಿದಿತ್ತು, ಆದರೂ ಸುಮ್ಮನಿದ್ದೆ. ಅದನ್ನು ನೆನೆದರೆ ಈಗ ನೋವಾಗುತ್ತದೆ.

ಆಗ ಬಾಗಿಲ ಹತ್ತಿರ ನಿಂತಿದ್ದ ಆಟೊ ಚಾಲಕರು ಮಾತನಾಡಿದರು. ಮೋರಿಯಾಚೆಯ ವಠಾರದವರು, ಕೂತು ಮಾತನಾಡಿ ಎಂದರೂ ಕೂರಲಿಲ್ಲ. "ನಿಮ್ಮ ಸರ ಹೋಗಿದೆ, ನನ್ನ ಮಗ ಹೋಗಿದ್ದಾನೆ" ಎಂದರು. ಹಿರಿಯ ಮಗ ಪಿಯುಸಿಗೆ ಮಣ್ಣು ಹಾಕಿ ಗಾಂಜಾಕ್ಕೆ ಬಿದ್ದಿದ್ದಾನಂತೆ. ಮೋರಿಯ ಪಕ್ಕದ ಖಾಲಿ ನಿವೇಶನದಲ್ಲಿ ಸಂಜೆ ಏಳರ ಮೇಲೆ ಪೊಟ್ಟಣ ಮಾರುತ್ತಾರೆ, ಮಾರುವವನು ಯಾರೆಂದು ಇಡೀ ವಠಾರಕ್ಕೆ ಗೊತ್ತು. "ಎರಡು ವರ್ಷದಿಂದ ಹೇಳುತ್ತಿದ್ದೇವೆ. ಗಾಡಿ ಬಂದಾಗ ನಮ್ಮ ಹುಡುಗರನ್ನು ಹಿಡಿದು ಜೇಬು ಹುಡುಕುತ್ತಾರೆ, ಮಾರುವವನು ಮಾರುತ್ತಲೇ ಇರುತ್ತಾನೆ. ಪೊಲೀಸರು ಬೇಕು ಎಂದು ನಿಮಗಿಂತ ಜೋರಾಗಿ ಕೇಳುವವನು ನಾನು" ಎಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಗೆಳೆಯಾ. ಬಿಗಿ ಕಾನೂನು ನಮ್ಮಂಥ ಮನೆಮಾಲೀಕರ ಬೇಡಿಕೆ, ಬಡವರಿಗೆ ಅದು ಬೇಡ ಎಂದು ನಾವಿಬ್ಬರೂ ಕಾಲೇಜಿನಲ್ಲಿ ಗಂಟೆಗಟ್ಟಲೆ ವಾದಿಸುತ್ತಿದ್ದೆವಲ್ಲ, ಅದು ಎಷ್ಟು ಸುಳ್ಳು ಎಂದು ಆ ಮನುಷ್ಯನ ಮುಖ ನೋಡಿದಾಗ ತಿಳಿಯಿತು.

ಹೂವಿನ ಅಕ್ಕ ಹೇಳಿದ್ದು ಇನ್ನೂ ಬೇರೆ. ರಾತ್ರಿ ಒಂಬತ್ತೂವರೆಗೆ ಕುಡಿದು ಬಂದು ಕೈ ಹಿಡಿಯುವವರಿದ್ದಾರೆ, ಆಗ ಪೊಲೀಸರ ಗಸ್ತಿನ ಹೊಯ್ಸಳ ಗಾಡಿ ಕಣ್ಣಿಗೆ ಬಿದ್ದರೆ ಜೀವ ಬಂದಂತಾಗುತ್ತದೆ. ಅದೇ ಗಾಡಿ ಹತ್ತಕ್ಕೆ ಬಂದು ಬುಟ್ಟಿ ಎತ್ತು ಎಂದಾಗ ಉಳಿದ ಹೂವೆಲ್ಲ ಮೋರಿ ಪಾಲು. ಪಿಜಿಯ ಹುಡುಗಿಯೊಬ್ಬಳು ರಾತ್ರಿಪಾಳಿ ಮುಗಿಸಿ ಬರುವಾಗ ಯಾರೋ ಹಿಂಬಾಲಿಸಿದಾಗ 112ಕ್ಕೆ ಕರೆ ಮಾಡಿದ್ದಳಂತೆ. ಪೊಲೀಸರು ಬೇಗನೇ ಬಂದರು, ಬಂದವರ ಮೊದಲ ಪ್ರಶ್ನೆ "ಇಷ್ಟು ಹೊತ್ತಿನಲ್ಲಿ ಯಾಕೆ ಹೊರಗಿದ್ದೀಯ?" 2022ರ ಡಿಸೆಂಬರ್‌ನಲ್ಲಿ ಮಾನ್ಯತಾ ಟೆಕ್ ಪಾರ್ಕ್ ಬಳಿ ರಾತ್ರಿ ಮನೆಗೆ ನಡೆದು ಹೋಗುತ್ತಿದ್ದ ಗಂಡಹೆಂಡತಿಯನ್ನು ತಡೆದು, ಹನ್ನೊಂದರ ಮೇಲೆ ತಿರುಗಾಡುವುದೇ ತಪ್ಪು ಎಂದು ಹಣ ಪಡೆದು, ಆಮೇಲೆ ಇಬ್ಬರು ಪೊಲೀಸರು ಅಮಾನತಾದದ್ದು ನಿನಗೆ ನೆನಪಿರಬಹುದು. ಹಿರಿಯರ ಪಟ್ಟಿಯ "ಹತ್ತರ ಮೇಲೆ" ಎಂಬ ಸಾಲು ಕೇಳಿದಾಗ ಆ ಹುಡುಗಿ ಎದ್ದು ಹೊರಗೆ ಹೋದಳು.

ಸಭೆಯ ಮನವಿ ಠಾಣೆಗೆ ತಲುಪಿತು. ಮಂಗಳವಾರ ಸಂಜೆಯೇ ಕಾರ್ಯಾಚರಣೆ. ಎರಡು ಕಡೆ ನಾಕಾಬಂದಿ, ಬೈಕುಗಳ ತಪಾಸಣೆ, ಹಳೆಯ ರೌಡಿಶೀಟರುಗಳನ್ನು ಕರೆಸಿ ಎಚ್ಚರಿಕೆ. ನಮ್ಮ ರಸ್ತೆಯಲ್ಲಿ ಜನ ಬಾಲ್ಕನಿಗೆ ಬಂದು ನೋಡಿದರು, ಮಕ್ಕಳಿಗೆ ತೋರಿಸಿದರು. ಅಂದು ರಾತ್ರಿ ನನಗೂ ನೆಮ್ಮದಿಯ ನಿದ್ದೆ ಬಂತು.

ಬೆಳಗಿನ ಐದೂವರೆಗೆ ಅಮ್ಮ ನನ್ನ ಮನೆಯ ಬಾಗಿಲು ಬಡಿದರು. ಅವರ ಪಕ್ಕದಲ್ಲಿ ಅವರ ಮನೆಗೆಲಸದವಳು ನಿಂತಿದ್ದಳು. ರಾಯಚೂರು ಕಡೆಯವಳು, ಕಟ್ಟಡ ಕೆಲಸಕ್ಕೆಂದು ಬಂದು ಇಲ್ಲೇ ಶೆಡ್ಡಿನಲ್ಲಿ ಉಳಿದ ಕುಟುಂಬ. ಹಿಂದಿನ ರಾತ್ರಿ ಎಂಟಕ್ಕೆ ಅವಳ ಮಗನನ್ನು ಕರೆದೊಯ್ದಿದ್ದರು. ಹತ್ತೊಂಬತ್ತರ ಹುಡುಗ, ಸೆಂಟ್ರಿಂಗ್ ಕೆಲಸ. ಅವನ ಮೇಸ್ತ್ರಿಯ ಬೈಕು ಕಪ್ಪು, ಹಿಂದಿನ ನಂಬರ್ ಪ್ಲೇಟ್ ಬಾಗಿದೆ. ಕ್ಯಾಮೆರಾದಲ್ಲಿ ಕಂಡ ಬೈಕಿನ ಪ್ಲೇಟೂ ಬಾಗಿತ್ತು.

ಆ ಕ್ಯಾಮೆರಾ ನನ್ನದು. ನನ್ನ ಗೇಟಿನ ಮೇಲಿರುವುದು. ಆ ಎಂಟು ಸೆಕೆಂಡಿನ ದೃಶ್ಯವನ್ನು ಪೊಲೀಸರಿಗೆ ಕೊಟ್ಟವನೂ, ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದವನೂ ನಾನೇ. ಅದನ್ನು ನೋಡಿದ ಯಾರೋ "ಇಂಥದ್ದೇ ಬೈಕು ಶೆಡ್ಡಿನ ಹತ್ತಿರ ನಿಂತಿರುತ್ತದೆ" ಎಂದು ಹೇಳಿದ್ದರು. ಪೊಲೀಸರಿಗೆ ಕೊಟ್ಟದ್ದು ಸರಿ, ಈಗಲೂ ಕೊಡುತ್ತೇನೆ. ಗುಂಪಿಗೆ ಹಾಕಿದ್ದು ತಪ್ಪು.

ನೀರು ಕಾಯಿಸಿ ಮುಖ ತೊಳೆಯಲೂ ಅಮ್ಮ ಬಿಡಲಿಲ್ಲ. ಬ್ಯಾಂಡೇಜು ಸುತ್ತಿದ ಕೈಯಲ್ಲೇ ಆಟೊ ಹತ್ತಿದರು. ಠಾಣೆಯಲ್ಲಿ "ವಿಚಾರಣೆಗೆ ಕರೆದಿದ್ದೇವೆ ಅಷ್ಟೇ, ಬಂಧಿಸಿಲ್ಲ" ಎಂದರು. ಬಂಧನವಾದರೆ ಅದಕ್ಕೊಂದು ಪತ್ರವಿರಬೇಕು, ಮನೆಯವರದೋ ಸ್ಥಳೀಯ ಗಣ್ಯರದೋ ಸಾಕ್ಷಿ ಸಹಿ ಬೇಕು, ಬಂಧುಗಳಿಗೆ ತಿಳಿಸಬೇಕು; 1996ರ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ. ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನವೇ ಹೇಳುತ್ತದೆ. ಬಂಧನವೇ ಅಲ್ಲ ಎಂದುಬಿಟ್ಟರೆ ಈ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ, ರಾತ್ರಿಯಿಡೀ ಬೆಂಚಿನ ಮೇಲೆ ಕೂತವನಿಗೆ ಮಾತ್ರ ಎರಡೂ ಒಂದೇ.

ಅಧಿಕಾರಿ ಕೆಟ್ಟವರಲ್ಲ. ಕಣ್ಣು ಕೆಂಪಾಗಿತ್ತು, ಹಿಂದಿನ ದಿನ ಬೆಳಿಗ್ಗೆ ಬಂದವರು ಇನ್ನೂ ಮನೆಗೆ ಹೋಗಿರಲಿಲ್ಲ. ಅಮ್ಮನಿಗೆ ಕುರ್ಚಿ ಕೊಟ್ಟರು. ಅಮ್ಮ ಕೂತು, ಮೇಷ್ಟ್ರ ಹೆಂಡತಿಯ ಹಳೆಯ ಗತ್ತಿನಲ್ಲಿ ಹೇಳಿದರು: "ನನ್ನ ಕತ್ತಿಗೆ ಕೈ ಹಾಕಿದವನ ಮುಖ ಮೊಳದ ದೂರದಲ್ಲಿತ್ತು. ನಾನು ಹೇಳಿದ ಗುರುತು ನಿಮ್ಮ ಕಾಗದದಲ್ಲಿದೆ, ಓದಿ. ಈ ಹುಡುಗ ಯುಗಾದಿಗೆ ನಮ್ಮ ನೀರಿನ ಟ್ಯಾಂಕು ತೊಳೆದು, ನನ್ನ ಕೈಯಿಂದ ಒಬ್ಬಟ್ಟು ತಿಂದು ಹೋದವನು. ಇವನನ್ನು ನನಗೆ ತೋರಿಸಿ ಕೇಳಿದಿರಾ?" ಕೇಳಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಹುಡುಗನನ್ನು ಕಳಿಸಿದರು. ಹೊಡೆದಿರಲಿಲ್ಲ ಎಂದು ಅವನೇ ಹೇಳಿದ. ಆದರೆ ಮೇಸ್ತ್ರಿ ಮರುದಿನದಿಂದ ಕೆಲಸಕ್ಕೆ ಬೇಡ ಎಂದ. ಪೊಲೀಸರು ಕರೆದೊಯ್ದವನು ಎಂಬ ಮಾತು ಅಂಟಿಕೊಂಡಿತಲ್ಲ.

ಈಗ ನಿನ್ನ ಮಾತಿಗೆ ಬರುತ್ತೇನೆ. "ಸ್ಥಳ ಮಹಜರಿಗೆ ಕರೆದೊಯ್ದಾಗ ಹಲ್ಲೆಗೆ ಯತ್ನಿಸಿದ ಆರೋಪಿಯ ಕಾಲಿಗೆ ಗುಂಡು" ಎಂಬ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ಎಷ್ಟು ಸಲ ಓದಿದ್ದೇವೆ! ಕೆಲವು ಸಲ ನಿಜವಾಗಿಯೂ ಪೊಲೀಸರ ಜೀವಕ್ಕೆ ಅಪಾಯ ಬಂದಿರುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಪೊಲೀಸ್ ಗುಂಡಿನ ಪ್ರಕರಣಗಳಲ್ಲಿ ಎಫ್‌ಐಆರ್ ಆಗಬೇಕು, ಸ್ವತಂತ್ರ ತನಿಖೆ ನಡೆಯಬೇಕು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ನಿಯಮ ಮಾಡಿದೆ. ಸಾವಿಗಷ್ಟೇ ಅಲ್ಲ, ತೀವ್ರ ಗಾಯಕ್ಕೂ ಸಾಧ್ಯವಾದಷ್ಟು ಅದನ್ನು ಅನ್ವಯಿಸಬೇಕೆಂದಿದೆ. ಆದರೆ ನಾನು ನಿನಗೆ ಕಾನೂನು ಹೇಳಲು ಕೂತಿಲ್ಲ. ಮಂಗಳವಾರ ರಾತ್ರಿ ನೀನು ಬಯಸಿದ್ದು ನಡೆದಿದ್ದರೆ ಗುಂಡು ಯಾರ ಕಾಲಿಗೆ ಬೀಳುತ್ತಿತ್ತು ಎಂದು ಮಾತ್ರ ಯೋಚಿಸು. ಅಮ್ಮನ ಕೈಯಿಂದ ಒಬ್ಬಟ್ಟು ತಿಂದ ಹುಡುಗನ ಕಾಲಿಗೆ.

ನನಗೆ ಪೊಲೀಸರು ಬೇಕು. ಹೆಚ್ಚು ಜನ ಬೇಕು, ಪ್ರತಿದಿನ ಬೇಕು. ಆದರೆ ನಮ್ಮ ರಸ್ತೆಯ ಮುಖಗಳನ್ನು ಬಲ್ಲ ಪೊಲೀಸರು ಬೇಕು. ನಾವು ಚಿಕ್ಕವರಿದ್ದಾಗ ರಾತ್ರಿ ಲಾಠಿಯಿಂದ ಲೈಟುಕಂಬಕ್ಕೆ ಬಡಿಯುತ್ತ ಬರುತ್ತಿದ್ದ ಬೀಟಿನ ಪೊಲೀಸರು ನೆನಪಿದ್ದಾರೆಯೇ? ನಿಮ್ಮ ಮನೆಯ ಜಗಲಿಯಲ್ಲಿ ನೀರು ಕುಡಿದು, ಊರಿಗೆ ಹೋದವರಾರು, ಹೊಸ ಬಾಡಿಗೆಗೆ ಬಂದವರಾರು ಎಂದು ಕೇಳಿಕೊಂಡು ಹೋಗುತ್ತಿದ್ದರು. ಈಗ ಬೀಟಿಗೆ ಸುಬಾಹು ಎಂಬ ಆ್ಯಪ್ ಬಂದಿದೆ. ನಿಗದಿತ ಜಾಗಗಳಲ್ಲಿ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಬೀಟಿನವರು ಬಂದದ್ದು ದಾಖಲಾಗುತ್ತದೆ. ಹೆಣ್ಣುಮಕ್ಕಳ ಸುರಕ್ಷತೆಗೆಂದು ಇರುವ ನಿರ್ಭಯಾ ನಿಧಿಯ ಸುರಕ್ಷಿತ ನಗರ ಯೋಜನೆಯಲ್ಲಿ ಬೆಂಗಳೂರಿಗೆ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾ ಬಂದಿವೆ. ಇವೆಲ್ಲ ಬೇಡವೆನ್ನುವುದಿಲ್ಲ. ಆದರೆ ಗೋಡೆಯ ಕೋಡ್ ಸ್ಕ್ಯಾನ್ ಮಾಡಿ ಹೋದವರಿಗೆ ಶೆಡ್ಡಿನ ಹುಡುಗ ಯಾರ ಮಗ ಎಂದು ಹೇಗೆ ತಿಳಿಯಬೇಕು? 2025ರ ಜುಲೈನಲ್ಲಿ ಸರ್ಕಾರ "ಮನೆ ಮನೆಗೆ ಪೊಲೀಸ್" ಎಂದು ಆರಂಭಿಸಿದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು. ಆ ಪೊಲೀಸರು ಗೇಟು ಇರುವ ಮನೆಗಳಿಗಷ್ಟೇ ಅಲ್ಲದೆ ವಠಾರಕ್ಕೂ ಶೆಡ್ಡಿಗೂ ಹೋಗಬೇಕು. ಹೋಗಿದ್ದರೆ ಪೊಟ್ಟಣ ಮಾರುವವನ ಹೆಸರನ್ನು ಆಟೊದವರು ಎರಡು ವರ್ಷದ ಹಿಂದೆಯೇ ಕಿವಿಯಲ್ಲಿ ಹೇಳಿರುತ್ತಿದ್ದರು.

ಮುಂದಿನ ಭಾನುವಾರ ಮತ್ತೆ ಸಭೆ ಇದೆ. ಈ ಸಲ ನಾನು ಮಾತನಾಡುತ್ತೇನೆ. ಬಿಗಿ ಮಾಡಿ ಎಂದು ಮನವಿಗೆ ಸಹಿ ಹಾಕಿದ ನಮ್ಮಲ್ಲಿ ಇಬ್ಬರಾದರೂ, ಕಾರ್ಯಾಚರಣೆ ನಡೆದ ರಾತ್ರಿ ಠಾಣೆಯ ಬಾಗಿಲಿಗೆ ಹೋಗಿ, ಯಾರನ್ನು ತಂದಿರಿ, ಮನೆಯವರಿಗೆ ಹೇಳಿದಿರಾ ಎಂದು ಕೇಳಬೇಕು ಎನ್ನುತ್ತೇನೆ. ಅಮ್ಮ ಮಾಡಿದ್ದು ಅದನ್ನೇ. ಮೂಲೆಮನೆಯ ಹಿರಿಯರು ಒಪ್ಪಲಿಕ್ಕಿಲ್ಲ. ಅವರ ಹೆಂಡತಿ ಸಂಜೆಯ ವಾಕಿಂಗ್ ಬಿಟ್ಟು ಒಂದು ತಿಂಗಳಾಯಿತು. ಅವರ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಮೊದಲು ಅವರ ಮನೆಗೇ ಹೋಗಿ ಮಾತನಾಡಬೇಕೆಂದಿದ್ದೇನೆ.

ಸರ ಇನ್ನೂ ಸಿಕ್ಕಿಲ್ಲ. ಉಳಿದ ತುಂಡನ್ನು ಅಮ್ಮ ದೇವರ ಮನೆಯ ಕುಂಕುಮದ ಭರಣಿಯಲ್ಲಿ ಇಟ್ಟಿದ್ದಾರೆ. ಪುಣೆಗೆ ಕರೆದುಕೊಂಡು ಹೋಗುತ್ತೇನೆ ಎಂಬ ನಿನ್ನ ಮಾತನ್ನು ಹೇಳಿದೆ. "ನಾನು ಹೋದರೆ ಬಾಗಿಲಿಗೆ ರಂಗೋಲಿ ಯಾರು ಹಾಕುತ್ತಾರೆ?" ಎಂದರು. ಈಗ ಬೆಳಿಗ್ಗೆ ಅವರು ರಂಗೋಲಿ ಬಿಡುವ ಹೊತ್ತಿಗೆ ನಾನು ಕಾಫಿ ಲೋಟ ಹಿಡಿದು ಗೇಟಿನ ಬಳಿ ನಿಂತಿರುತ್ತೇನೆ. ಎದುರುಮನೆಯವರೂ ನಿಲ್ಲತೊಡಗಿದ್ದಾರೆ. ದೀಪಾವಳಿಗೆ ರಜೆ ಹಾಕಿ ಬಾ. ಬರುವ ಮುಂಚೆ ನಿನ್ನ ಪರಿಚಯದ ಗುತ್ತಿಗೆದಾರರನ್ನು ಒಂದು ಮಾತು ಕೇಳು: ಆ ಹುಡುಗನಿಗೆ ಇನ್ನೂ ಕೆಲಸ ಸಿಕ್ಕಿಲ್ಲ.

ನಿನ್ನ ಹಳೆಯ ಬೆಂಚಿನ ಗೆಳೆಯ