ಚಿಕ್ಕಪ್ಪ ಕೇಳಿದ ಡೀಸೆಲ್ ಕಾರು

ಕೊಲಂಬಸ್, ಇಂಡಿಯಾನಾ, ಅಮೆರಿಕ

ಪ್ರೀತಿಯ ಚಿಕ್ಕಪ್ಪನಿಗೆ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಚಿಕ್ಕಮ್ಮನ ಮೊಣಕಾಲು ನೋವು ಹೇಗಿದೆ? ಕಾಫಿ ಕೊಯ್ಲಿಗೆ ಆಳು ಗೊತ್ತು ಮಾಡಿದಿರಾ? ಮೊನ್ನೆ ಫೋನಿನಲ್ಲಿ "ಈ ಸಲವಾದ್ರೂ ಡೀಸೆಲ್ ಕಾರು ತಗೊಳ್ಳೋ, ಮೈಲೇಜ್ ಬರುತ್ತೆ" ಅಂದಿರಿ. ಇಲ್ಲಿ ಡೀಸೆಲ್ ಕಾರೇ ಸಿಗಲ್ಲ ಅಂದಿದ್ದಕ್ಕೆ ನಕ್ಕುಬಿಟ್ಟಿರಿ. ಅಷ್ಟರಲ್ಲಿ ಲೈನೂ ಕಟ್ ಆಯ್ತು. ಅದಕ್ಕೇ ಪೂರ್ತಿ ಕಥೆ ಬರೆಯುತ್ತಿದ್ದೇನೆ.

ನೀವು ನಕ್ಕಿದ್ದು ಸರಿಯೇ. ನಾನಿರುವುದು ಡೀಸೆಲ್ ಇಂಜಿನ್ನಿನ ಊರಿನಲ್ಲಿ. ನಮ್ಮ ಕಡೆ ಜನರೇಟರ್ ಮೇಲೆ ಕಮ್ಮಿನ್ಸ್ ಅಂತ ಬರೆದಿರುತ್ತಲ್ಲ, ಆ ಕಂಪನಿ 1919ರಲ್ಲಿ ಹುಟ್ಟಿದ್ದು ಇಲ್ಲೇ. ಅದನ್ನು ಕಟ್ಟಿದ ಕ್ಲೆಸಿ ಕಮ್ಮಿನ್ಸ್ 1930ರ ಜನವರಿಯಲ್ಲಿ ಒಂದು ಪ್ಯಾಕಾರ್ಡ್ ಕಾರಿಗೆ ಡೀಸೆಲ್ ಇಂಜಿನ್ ಕೂರಿಸಿ ಇಂಡಿಯಾನಾಪೊಲಿಸ್‌ನಿಂದ ನ್ಯೂಯಾರ್ಕಿಗೆ ಓಡಿಸಿಕೊಂಡು ಹೋದ. ಸುಮಾರು 800 ಮೈಲಿ ದಾರಿ. ಎಣ್ಣೆಗೆ ಆದ ಖರ್ಚು ಒಂದೂವರೆ ಡಾಲರಿಗೂ ಕಡಿಮೆ! ಅಂಥ ಊರಿನ ಅಂಗಡಿ ಮುಂದೆ ಈಗ ಡೀಸೆಲ್ ಪಿಕಪ್ ಟ್ರಕ್ಕುಗಳು ನಿಂತಿರುತ್ತವೆ. ಡೀಸೆಲ್ ಕಾರು ಮಾತ್ರ ಹುಡುಕಬೇಕು.

ಮೊದಲನೇ ಕಾರಣ ಪೆಟ್ರೋಲ್ ಬಂಕಿನಲ್ಲೇ ಕಾಣುತ್ತದೆ. ಇಲ್ಲಿ ಹಾಕಿಕೊಡುವ ಹುಡುಗರಿಲ್ಲ, ನಾವೇ ಇಳಿದು ಹಾಕಿಕೊಳ್ಳಬೇಕು. ಪೆಟ್ರೋಲಿಗೆ 87, 89, 93 ಅಂತ ಮೂರು ದರ್ಜೆಯ ಬಟನ್. ಪಕ್ಕದಲ್ಲಿ ಹಸಿರು ಹಿಡಿಯ ಇನ್ನೊಂದು ಪೈಪ್ ಇದ್ದರೆ ಅದು ಸಾಮಾನ್ಯವಾಗಿ ಡೀಸೆಲ್. ಅದರ ಮೂತಿ ದಪ್ಪ, ಪೆಟ್ರೋಲ್ ಕಾರಿನ ಟ್ಯಾಂಕಿನ ಬಾಯಿಗೆ ತುರುಕಿದರೂ ಹೋಗಲ್ಲ. ಎಷ್ಟೋ ಬಂಕುಗಳಲ್ಲಿ ಆ ಪೈಪೇ ಇರಲ್ಲ. ಇದ್ದ ಕಡೆ ಬೋರ್ಡ್ ನೋಡಿದರೆ ಡೀಸೆಲ್ ರೇಟೇ ಜಾಸ್ತಿ. ನಮ್ಮಲ್ಲಿಗೆ ಪೂರ್ತಿ ಉಲ್ಟಾ. ಇಲ್ಲಿನ ಕೇಂದ್ರ ಸರ್ಕಾರದ ತೆರಿಗೆಯೇ ಒಂದು ಗ್ಯಾಲನ್ ಪೆಟ್ರೋಲಿಗೆ 18.4 ಸೆಂಟ್, ಡೀಸೆಲಿಗೆ 24.4 ಸೆಂಟ್. ಗ್ಯಾಲನ್ ಅಂದ್ರೆ ಮೂರು ಮುಕ್ಕಾಲು ಲೀಟರ್ ಅಂದುಕೊಳ್ಳಿ.

ನಮ್ಮಲ್ಲಿ ಲಾರಿ ಬಾಡಿಗೆ ಏರಬಾರದು, ರೈತರಿಗೆ ಹೊರೆಯಾಗಬಾರದು ಅಂತ 2014ರ ಅಕ್ಟೋಬರ್‌ವರೆಗೂ ಸರ್ಕಾರವೇ ಡೀಸೆಲ್ ರೇಟನ್ನು ಹಿಡಿದಿಟ್ಟಿತ್ತು. ಆ ಲಾಭ ಕಾರಿನವರಿಗೂ ಸಿಕ್ಕಿತು. ನೀವು ಇಂಡಿಕಾ ತಗೊಂಡಿದ್ದು ಅದರ ಚೆಂದ ನೋಡಿ ಅಲ್ಲವಲ್ಲ! ಯುರೋಪಿನಲ್ಲೂ ಬಹಳಷ್ಟು ದೇಶಗಳು ಡೀಸೆಲಿಗೆ ತೆರಿಗೆ ಕಡಿಮೆ ಇಟ್ಟವು, ಜನ ಡೀಸೆಲ್ ಕಾರಿಗೆ ಮುಗಿಬಿದ್ದರು. ಇಲ್ಲಿ ಆ ಆಸೆಯೇ ಇಲ್ಲ. ಮೈಲೇಜಿನಲ್ಲಿ ಉಳಿಸಿದ್ದನ್ನು ಬಂಕಿನಲ್ಲಿ ವಾಪಸ್ ಕೊಡಬೇಕು. ಕಾರಿನ ಬೆಲೆಯೂ ಜಾಸ್ತಿ.

ಹಾಗಂತ ಇವರು ಡೀಸೆಲ್ ಕಾರು ಕಂಡೇ ಇಲ್ಲ ಅಂತಲ್ಲ. 70ರ ದಶಕದಲ್ಲಿ ಎಣ್ಣೆಗೆ ಬರ ಬಂದಾಗ ಜನರಲ್ ಮೋಟರ್ಸ್ ಓಲ್ಡ್ಸ್‌ಮೊಬೈಲ್ ಕಾರಿಗೆ 5.7 ಲೀಟರಿನ ಡೀಸೆಲ್ ವಿ8 ಇಂಜಿನ್ ಹಾಕಿತು. 1978ರ ಮಾಡೆಲ್. ಡೀಸೆಲ್ ಇಂಜಿನ್ನಿನಲ್ಲಿ ಒತ್ತಡ ಎಷ್ಟು ಅಂತ ನಿಮಗೆ ಗೊತ್ತಲ್ಲ. ಇವರು ಪೆಟ್ರೋಲ್ ಇಂಜಿನ್ನಿಗೆ ಇದ್ದ ಹೆಡ್ ಬೋಲ್ಟಿನ ಲೆಕ್ಕವನ್ನೇ ಇಟ್ಟುಕೊಂಡರು. ಬೋಲ್ಟ್ ಸಡಿಲವಾಗಿ ಹೆಡ್ ಗ್ಯಾಸ್ಕೆಟ್ ಹೋಗತೊಡಗಿದವು. ಡೀಸೆಲಿನಲ್ಲಿ ಸೇರಿದ ನೀರನ್ನು ಬೇರೆ ಮಾಡುವ ಫಿಲ್ಟರೂ ಇರಲಿಲ್ಲ, ಪಂಪ್ ತುಕ್ಕು ಹಿಡಿಯಿತು. ಜನ ಕೋರ್ಟಿಗೆ ಹೋದರು. 1985ಕ್ಕೆ ಅದು ನಿಂತಿತು. ಡೀಸೆಲ್ ಅಂದ್ರೆ ಹೊಗೆ, ಸದ್ದು, ರಿಪೇರಿ ಅನ್ನುವ ಮಾತು ಮಾತ್ರ ಜನರ ಬಾಯಲ್ಲಿ ಉಳಿಯಿತು.

ಆಮೇಲೆ ಬಂತು ಹೊಗೆಯ ಕಾನೂನು. ನನಗೆ ಕೇಳಿದರೆ ದೊಡ್ಡ ಕಾರಣ ಇದೇ. ನಮ್ಮ ಬಿಎಸ್-4 ಕಾಲದಲ್ಲಿ ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಅನ್ನುವ ವಿಷಾನಿಲ ಪೆಟ್ರೋಲ್ ಕಾರಿಗೆ ಕಿಲೋಮೀಟರಿಗೆ 0.08 ಗ್ರಾಂ ಒಳಗೆ ಇರಬೇಕಿತ್ತು, ಡೀಸೆಲ್ ಕಾರಿಗೆ 0.25 ಗ್ರಾಂವರೆಗೂ ಬಿಟ್ಟಿದ್ದರು. ಮೂರು ಪಟ್ಟು ರಿಯಾಯಿತಿ! ಇಲ್ಲಿ ಆ ಭೇದವಿಲ್ಲ, ಎರಡಕ್ಕೂ ಒಂದೇ ಅಳತೆ. 2004ರಿಂದ ಹಂತಹಂತವಾಗಿ ಬಂದ ನಿಯಮದಲ್ಲಿ ಕಂಪನಿಯ ಕಾರುಗಳ ಸರಾಸರಿ ಮೈಲಿಗೆ 0.07 ಗ್ರಾಂ ದಾಟಬಾರದು ಅಂತಿತ್ತು. ಕಿಲೋಮೀಟರ್ ಲೆಕ್ಕದಲ್ಲಿ ಅದು 0.04ರ ಸುತ್ತಮುತ್ತ. ಪೆಟ್ರೋಲ್ ಕಾರು ಅಲ್ಲಿಗೆ ಸುಲಭವಾಗಿ ಇಳಿಯುತ್ತದೆ. ಡೀಸೆಲ್ ಇಳಿಯಬೇಕಾದರೆ ಸೈಲೆನ್ಸರಿನ ದಾರಿಯಲ್ಲಿ ದುಬಾರಿ ಸಾಮಾನು ಕೂರಿಸಬೇಕು. ಬಿಎಸ್-6 ಲಾರಿಗಳಿಗೆ ಯೂರಿಯಾ ನೀರು ಹಾಕುತ್ತಾರಲ್ಲ, ಆ ಥರದ್ದು.

ಇದೆಲ್ಲ ನಮಗೆ ಕಷ್ಟವೇ ಅಲ್ಲ ಅಂತ ಎದೆ ತಟ್ಟಿಕೊಂಡಿದ್ದು ಫೋಕ್ಸ್‌ವ್ಯಾಗನ್. ಅವರ ಬಣ್ಣ ಬಯಲಾದ ಕಥೆಯಲ್ಲಿ ನಮ್ಮವರೊಬ್ಬರಿದ್ದಾರೆ. ಬೆಂಗಳೂರಿನ ಹೇಮಂತ್ ಕಪ್ಪಣ್ಣ. ವೆಸ್ಟ್ ವರ್ಜೀನಿಯಾ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾಗ ಅಲ್ಲಿನ ತಂಡದಲ್ಲಿದ್ದರು. ಅಮೆರಿಕದ ಡೀಸೆಲ್ ಕಾರು ಎಷ್ಟು ಚೊಕ್ಕಟ ಅಂತ ಯುರೋಪಿಗೆ ತೋರಿಸೋಣ ಅಂತ ಒಂದು ಸಂಸ್ಥೆಯವರು ಈ ತಂಡಕ್ಕೆ ಪರೀಕ್ಷೆ ಒಪ್ಪಿಸಿದ್ದರು. 2013ರಲ್ಲಿ ಡಿಕ್ಕಿ ತುಂಬಾ ಯಂತ್ರ, ಜನರೇಟರ್ ಹೇರಿಕೊಂಡು, ಹೊಗೆ ಕೊಳವೆಗೆ ಪೈಪ್ ಸಿಕ್ಕಿಸಿ ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿದರು. ಒಂದು ಕಾರನ್ನಂತೂ ಲಾಸ್ ಏಂಜಲೀಸ್‌ನಿಂದ ಸಿಯಾಟಲ್‌ಗೆ ಹೋಗಿ ವಾಪಸ್ ತಂದರು. ಲ್ಯಾಬಿನಲ್ಲಿ ಪಾಸಾದ ಫೋಕ್ಸ್‌ವ್ಯಾಗನ್‌ನವರ ಜೆಟ್ಟಾ ಕಾರು ರಸ್ತೆಯಲ್ಲಿ ಮಿತಿಗಿಂತ 15ರಿಂದ 35 ಪಟ್ಟು ಉಗುಳುತ್ತಿತ್ತು! ಚಕ್ರ ತಿರುಗುತ್ತಿದೆ, ಸ್ಟೀರಿಂಗ್ ಮಾತ್ರ ಅಲ್ಲಾಡುತ್ತಿಲ್ಲ ಅಂದ್ರೆ ಇದು ಪರೀಕ್ಷೆ ಅಂತ ಕಾರಿನ ಸಾಫ್ಟ್‌ವೇರಿಗೆ ತಿಳಿಯುತ್ತಿತ್ತು. ಇನ್ಸ್‌ಪೆಕ್ಟರ್ ಬರುವ ದಿನ ಮಾತ್ರ ಶಾಲೆ ಗುಡಿಸಿ ಸಾರಿಸಿದ ಹಾಗೆ.

2015ರ ಸೆಪ್ಟೆಂಬರಿನಲ್ಲಿ ಇಲ್ಲಿನ ಪರಿಸರ ಇಲಾಖೆ ನೋಟಿಸ್ ಕೊಟ್ಟಿತು. ಅಮೆರಿಕದಲ್ಲಿ ಐದು ಲಕ್ಷದ ಹತ್ತಿರ, ಪ್ರಪಂಚದಲ್ಲಿ 1.1 ಕೋಟಿ ಕಾರುಗಳ ವಿಷಯ. ಮಾರನೇ ವರ್ಷ ಇಲ್ಲಿ 1,470 ಕೋಟಿ ಡಾಲರ್‌ವರೆಗಿನ ರಾಜಿ ಆಯ್ತು. ಇಲ್ಲಿ ಡೀಸೆಲ್ ಕಾರು ಜಾಸ್ತಿ ಮಾರುತ್ತಿದ್ದವರೇ ಅವರು. ಅವರೇ ಡೀಸೆಲ್ ಅಂಗಡಿ ಮುಚ್ಚಿದ ಮೇಲೆ ಮರ್ಸಿಡಿಸ್‌ನವರೂ ಬಿಟ್ಟರು. ನಮ್ಮೂರ ಕಮ್ಮಿನ್ಸ್‌ಗೂ ಪಿಕಪ್ ಟ್ರಕ್ಕಿನ ಇಂಜಿನ್ನುಗಳ ವಿಷಯದಲ್ಲಿ ಇಂಥದ್ದೇ ಆರೋಪ ಬಂತು. ತಪ್ಪು ಒಪ್ಪಿಕೊಳ್ಳದೆಯೇ 167.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿದರು. ಆದರೂ ಆ ಟ್ರಕ್ಕುಗಳು ಮಾರಾಟವಾಗುತ್ತಲೇ ಇವೆ. ಕುದುರೆ ಸಾಗಿಸುವ ಟ್ರೈಲರ್, ದೋಣಿ ಎಳೆಯುವವರಿಗೆ ಡೀಸೆಲ್ಲೇ ಬೇಕು. ನನಗೆ ಎಳೆಯಲು ಏನಿದೆ ಹೇಳಿ?

ಅದಕ್ಕೇ ಹೈಬ್ರಿಡ್ ತಗೊಳ್ಳೋಣ ಅಂತಿದ್ದೇನೆ. ಪೆಟ್ರೋಲ್ ಜೊತೆಗೆ ಬ್ಯಾಟರಿ. ಲೀಟರಿಗೆ 20ರ ಮೇಲೆ ಕೊಡುತ್ತದೆ. ಸದ್ದೂ ಇಲ್ಲ. ನಿಮಗೆ ಇಷ್ಟವಾಗಲ್ಲ ಅಂತ ಗೊತ್ತು.

ಸಂಕ್ರಾಂತಿ ಹೊತ್ತಿಗೆ ಬರುತ್ತೇನೆ. ಬೊಲೆರೊ ಮಾರುವ ಮಾತು ಅಲ್ಲಿವರೆಗೆ ಬೇಡ, ಬ್ರೋಕರ್ ಹೇಳುವ ರೇಟು ತೀರಾ ಕಡಿಮೆ. ಮೂಡಿಗೆರೆಯಲ್ಲಿ ಇನ್ನಿಬ್ಬರನ್ನು ಕೇಳಿ ನೋಡೋಣ. ಚಿಕ್ಕಮ್ಮನಿಗೆ ಏನು ತರಲಿ ಅಂತ ಕೇಳಿ ಹೇಳಿ. ಅವರಿಗೆ ನನ್ನ ನಮಸ್ಕಾರ.

ಇಂತಿ ನಿಮ್ಮ,
ಶಶಿ