ಬ್ರೌಸರಿನಲ್ಲೇ ತೆರೆಯುವ ವರ್ಚುವಲ್ ಲೋಕ

ಮಾನ್ಯ ಸಂಪಾದಕರೇ,

2003ರಲ್ಲಿ ಆರಂಭವಾದ ಸೆಕೆಂಡ್ ಲೈಫ್‌ನಂತಹ ವರ್ಚುವಲ್ ಲೋಕವನ್ನು, ಅಂದರೆ ಕಂಪ್ಯೂಟರಿನೊಳಗೆ ಜನ ಸೇರಿ ಓಡಾಡುವ ಮೂರು ಆಯಾಮದ ತಾಣವನ್ನು, ಹೊಗಲು ಪ್ರತ್ಯೇಕ ತಂತ್ರಾಂಶವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕಿತ್ತು. 2011ರಲ್ಲಿ ವೆಬ್‌ಜಿಎಲ್ ಎಂಬ ತಂತ್ರಜ್ಞಾನ ಬಂದ ಮೇಲೆ ಪ್ಲಗಿನ್‌ಗಳ (ಬ್ರೌಸರಿಗೆ ಸೇರಿಸುವ ಹೆಚ್ಚುವರಿ ತಂತ್ರಾಂಶಗಳ) ಹಂಗಿಲ್ಲದೆ ಬ್ರೌಸರೇ ಮೂರು ಆಯಾಮದ ದೃಶ್ಯಗಳನ್ನು ಮೂಡಿಸತೊಡಗಿತು. 2018ರಲ್ಲಿ ಫೈರ್‌ಫಾಕ್ಸ್ ಬ್ರೌಸರಿನ ತಯಾರಕ ಮೊಜಿಲ್ಲಾ ಹೊರತಂದ ಹಬ್ಸ್ ಎಂಬ ವರ್ಚುವಲ್ ಕೋಣೆಗಳ ಸೇವೆಯಲ್ಲಂತೂ ಕೊಂಡಿಯೊಂದನ್ನು ಒತ್ತಿದರೆ ಸಾಕು, ಕೋಣೆಯೊಳಗೆ ಕಾಲಿಡಬಹುದಿತ್ತು. ಹತ್ತಿರ ಸರಿದಂತೆ ಎದುರಿನವರ ದನಿ ಜೋರಾಗುತ್ತಿತ್ತು. ನನ್ನ ಹಳೆಯ ಲ್ಯಾಪ್‌ಟಾಪಿನ ಫ್ಯಾನು ಮಾತ್ರ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತೆನ್ನಿ. 2024ರ ಮೇ 31ರಂದು ಮೊಜಿಲ್ಲಾ ಆ ಸೇವೆಯನ್ನು ನಿಲ್ಲಿಸಿದರೂ ಅದರ ಸೋರ್ಸ್ ಕೋಡ್ (ತಂತ್ರಾಂಶದ ಮೂಲ ಬರಹ) ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿಯೇ ಉಳಿದಿದೆ. ಕಣ್ಣಿಗೆ ಧರಿಸುವ ದುಬಾರಿ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್‌ಗಳನ್ನು ಕೊಳ್ಳುವ ಮುನ್ನ ನಮ್ಮ ವಿಶ್ವವಿದ್ಯಾಲಯಗಳು ಅದನ್ನು ತಮ್ಮದೇ ಸರ್ವರ್‌ನಲ್ಲಿ ನಡೆಸಿ, ಹಳ್ಳಿಯ ವಿದ್ಯಾರ್ಥಿಗೂ ಮೊಬೈಲ್ ಬ್ರೌಸರಿನಲ್ಲೇ ಪ್ರಯೋಗಾಲಯವನ್ನು ಸುತ್ತಾಡಿಸಬಾರದೇಕೆ?

– ಓದುಗ, ಮೈಸೂರು